ಜನ ಇಲ್ಲ ಅಂತ ಬಸ್ಸಿಲ್ಲ, ಬಸ್ಸಿಲ್ಲ ಅಂತ ಜನ ಇಲ್ಲ
(ರಾಯಲ್ಪಾಡಿನ ಒಂದು ಲಿನಕ್ಸ್ ಲ್ಯಾಪ್‌ಟಾಪ್ ಜೊತೆ ಕಾಲ್ಪನಿಕ ಸಂದರ್ಶನ)

ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಇನ್ನೇನು ಆಂಧ್ರ ಬಂತು ಅನ್ನುವಷ್ಟರಲ್ಲಿ ಸಿಗುವ ಊರು ರಾಯಲ್ಪಾಡು. ಅಲ್ಲಿನ ಒಂದು ಮನೆಯ ಪಡಸಾಲೆಯಲ್ಲಿ, ಮಾವಿನಕಾಯಿ ಕ್ರೇಟುಗಳ ಪಕ್ಕದ ಮೇಜಿನ ಮೇಲೆ ಈ ಲ್ಯಾಪ್‌ಟಾಪ್ ವಾಸ. ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡಾಗಿ ಬಂದದ್ದು. ಮುಚ್ಚಳದ ಒಂದು ಕೀಲು ಮುರಿದಿರುವುದರಿಂದ ಬೆನ್ನಿಗೆ ಅರ್ಧ ಇಟ್ಟಿಗೆ ಆಸರೆ. ಮುಚ್ಚಳದ ಮೇಲಿನ ಪೆಂಗ್ವಿನ್ ಸ್ಟಿಕ್ಕರ್ ಕಾಲಿನ ಕಡೆಯಿಂದ ಎದ್ದಿದೆ. ಪಿಯುಸಿ ಓದುವ ಮನೆಯ ಹುಡುಗ ಒಂದು ವಾರದಿಂದ ಇದನ್ನು ಮುಟ್ಟಿಲ್ಲ. ನಾನು ಹೋದ ದಿನ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವನ ಅಕ್ಕನೂ ಬಂದಿದ್ದಳು. ಅವಳ ಮ್ಯಾಕ್‌ಬುಕ್ ಅದೇ ಮೇಜಿನ ಮೇಲೆ, ತನ್ನ ಕೆಳಗೆ ಒಗೆದ ಟವೆಲ್ ಹಾಸಿಸಿಕೊಂಡು ಕೂತಿತ್ತು.

ಹುಡುಗ ನಿಮ್ಮ ಮೇಲೆ ಮುನಿಸಿಕೊಂಡಿದ್ದಾನಂತೆ?

ಮುನಿಸಲ್ಲ ಸಾಮೀ, ಬಹಿಷ್ಕಾರ. ತೋಟದಲ್ಲಿ ಕಾಯಿ ಕಿತ್ತ ಕೂಲಿ ದುಡ್ಡು ಕೂಡಿಟ್ಟು ಒಂದು ಆಟ ಕೊಂಡ. ಡೌನ್‌ಲೋಡ್ ಆಗೋಕೆ ಎರಡು ರಾತ್ರಿ ಹಿಡೀತು. ಮೂರನೇ ರಾತ್ರಿ ತೆರೆದ. ಪರದೆ ಮೇಲೆ ಬೆಟ್ಟ ಬಂತು, ಮೋಡ ಬಂತು, ಡೋಲು ಬಡಿಯೋ ಸಂಗೀತ ಬಂತು. ನನ್ನ ಫ್ಯಾನು ಬೋರ್‌ವೆಲ್ ಮೋಟರ್ ತರ ಕೂಗ್ತಾ ಇತ್ತು, ಆದ್ರೂ ಹಲ್ಲು ಕಚ್ಚಿ ಓಡಿಸಿದೆ. ಸ್ನೇಹಿತರ ಜೊತೆ ಆಟಕ್ಕೆ ಇಳಿಯೋಣ ಅಂತ ಗುಂಡಿ ಒತ್ತಿದ ನೋಡಿ, ಹೊರಗೆ ಹಾಕಿದ್ರು. 'ನಿಮ್ಮ ಸಿಸ್ಟಮ್‌ಗೆ ಅವಕಾಶ ಇಲ್ಲ' ಅಂತ ಒಂದೇ ಸಾಲು.

ವಯಸ್ಸಾಗಿದೆ, ನಿಮ್ಮಲ್ಲಿ ಶಕ್ತಿ ಸಾಲದೇನೋ?

ಇದೇ ಒಡಲಿಗೆ ಲಿನಕ್ಸ್ ತೆಗೆದು ವಿಂಡೋಸ್ ಹಾಕಿ ನೋಡಿ, ಅದೇ ಆಟ ಓಡುತ್ತೆ. ಚಿಪ್ಪು ಅದೇ, ಮೆಮೊರಿ ಅದೇ, ಇಟ್ಟಿಗೆನೂ ಅದೇ. 2025ರ ಜೂನ್ ನೆನಪೈತಾ? ಹೊರ ರಾಜ್ಯದ ತೋತಾಪುರಿ ಮಾವು ಒಳಗೆ ಬರಂಗಿಲ್ಲ ಅಂತ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಆದೇಶ ಮಾಡ್ತು. ನಮ್ಮ ಕಡೆ ಕಾಯಿ ಗಡಿಯಲ್ಲಿ ನಿಂತಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಚಂದ್ರಬಾಬು ನಾಯ್ಡು ಅವರಿಗೆ ಕಾಗದ ಬರೆಯೋ ಮಟ್ಟಕ್ಕೆ ಹೋಯ್ತು. ಕಾಯಲ್ಲಿ ಹುಳ ಇತ್ತಾ? ಇಲ್ಲ. ಅಲ್ಲಿನ ಪಲ್ಪ್ ಫ್ಯಾಕ್ಟರಿಗೆ ಅಲ್ಲಿನ ಕಾಯೇ ಹೋಗಲಿ ಅಂತ. ನಾನೂ ಅಂಥಾ ಒಂದು ಲೋಡು ತೋತಾಪುರಿ ಅಂದ್ಕೊಳ್ಳಿ.

ನಿಮ್ಮ ದಾರಿಯ ಚೆಕ್‌ಪೋಸ್ಟ್ ಯಾವುದು?

ಮೊದಲನೇದರ ಹೆಸರು ಡೈರೆಕ್ಟ್‌ಎಕ್ಸ್. 1995ರಲ್ಲಿ ಮೈಕ್ರೋಸಾಫ್ಟಿನೋರು ಕಟ್ಟಿದ್ದು. ಆಟ ಅನ್ನೋದು ಗ್ರಾಫಿಕ್ಸ್ ಚಿಪ್ಪಿಗೆ 'ಇಲ್ಲೊಂದು ಮರ ಬರಿ, ಅಲ್ಲೊಂದು ನೆರಳು ಹಾಕು' ಅಂತ ಹೇಳ್ತಾನೇ ಇರಬೇಕಲ್ಲ, ಅದನ್ನ ಹೇಳೋ ಭಾಷೆ ಅದು. ಆಟ ಬರೆಯೋರು ಆ ಭಾಷೇಲೇ ಬರೀತಾ ಹೋದ್ರು. ಆ ಭಾಷೆ ಮೈಕ್ರೋಸಾಫ್ಟ್ ಬಿಟ್ಟು ಬೇರೆ ಯಾರ ಮನೇಲೂ ಆಡಲ್ಲ.

ಮತ್ತೆ ಆ ಬೆಟ್ಟ, ಮೋಡ ಎಲ್ಲ ನಿಮ್ಮ ಪರದೆಗೆ ಬಂದದ್ದು ಹೇಗೆ?

ದುಭಾಷಿಯಿಂದ. ಈ ಊರಲ್ಲಿ ಕೂತು ಇದನ್ನ ಕೇಳ್ತೀರಲ್ಲ! ಇಲ್ಲಿ ಅಜ್ಜಿ ಹಸುನ ಬೈಯೋದು ತೆಲುಗಲ್ಲಿ, ಅದೇ ಹಸುವಿನ ಹಾಲಿನ ಲೆಕ್ಕ ಡೈರಿಯಲ್ಲಿ ಬರೆಸೋದು ಕನ್ನಡದಲ್ಲಿ. ನಮ್ಮಲ್ಲೂ ಹಂಗೇ. 1993ರಲ್ಲಿ ವೈನ್ ಅಂತ ಒಂದು ಶುರುವಾಯ್ತು. ಹೆಸರು ಅಜ್ಜಿಗೆ ಹೇಳ್ಬೇಡಿ. ವಿಂಡೋಸ್ ಪ್ರೋಗ್ರಾಮ್ ಆಡಿದ ಮಾತನ್ನ ಆಗಿಂದಾಗ್ಲೇ ಲಿನಕ್ಸ್‌ಗೆ ತಿಳಿಯೋ ಹಂಗೆ ಹೇಳೋದು ಅದರ ಕೆಲಸ. ಅದನ್ನೇ ಬೆಳೆಸಿ 2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಅಂತ ತಂತು. 2022ರಲ್ಲಿ ಸ್ಟೀಮ್ ಡೆಕ್ ಅನ್ನೋ ಕೈಯಲ್ಲಿ ಹಿಡಿಯೋ ಯಂತ್ರ ಮಾಡಿ, ಅದರ ಒಳಗೆ ಲಿನಕ್ಸನ್ನೇ ಕೂರಿಸಿದ್ರು. ಈಗ ವಿಂಡೋಸ್‌ಗೆ ಅಂತ ಮಾಡಿದ ಸಾವಿರಾರು ಆಟ ನಮ್ಮಲ್ಲಿ ಓಡ್ತವೆ.

ಹಾಗಾದರೆ ಸಮಸ್ಯೆ ಮುಗಿಯಿತಲ್ಲ?

ಭಾಷೆಗೆ ದುಭಾಷಿ ಇದ್ದಾನೆ, ಕಾವಲುಗಾರನಿಗೆ ಇಲ್ಲ. ಎರಡನೇ ಚೆಕ್‌ಪೋಸ್ಟ್ ಆಂಟಿ-ಚೀಟ್. ಆಟದಲ್ಲಿ ಮೋಸ ಮಾಡೋರನ್ನ ಹಿಡಿಯೋದು ಅದರ ಕೆಲಸ, ಬೇಡ ಅನ್ನಲ್ಲ. ಆದ್ರೆ ಕೆಲವು ಕಾವಲುಗಾರರು ವಿಂಡೋಸಿನ ಬುಡಕ್ಕೇ ಇಳಿದು ಕೂರ್ತಾರೆ. ನನ್ನ ಹತ್ರ ಅವರು ಕೂರೋ ಬುಡ ಇಲ್ಲ. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಅನ್ನೋ ಇಬ್ಬರು 2021ರಲ್ಲಿ ಪ್ರೋಟಾನ್‌ಗೆ ಬಾಗಿಲು ತೆಗೆದ್ರು. ಆದ್ರೂ ಆಟದ ಯಜಮಾನರು ಹೂಂ ಅನ್ನಬೇಕು. ಕೆಲವರು ಹೂಂ ಅಂದ್ರು, ಕೆಲವರು ಅನ್ನಲಿಲ್ಲ, ಕೆಲವರು ಅಂದು ಆಮೇಲೆ ಊಹೂಂ ಅಂದ್ರು. 'ಏಪೆಕ್ಸ್ ಲೆಜೆಂಡ್ಸ್' ನಮ್ಮಲ್ಲಿ ಚೆನ್ನಾಗೇ ಓಡ್ತಾ ಇತ್ತು. 2024ರ ಅಕ್ಟೋಬರ್ ಕೊನೆಗೆ, ಲಿನಕ್ಸ್ ದಾರೀಲಿ ಮೋಸಗಾರರು ನುಗ್ತಾರೆ ಅಂತ ಹೇಳಿ ಎಲ್ಲರನ್ನೂ ಹೊರಗಿಟ್ರು. ನೂರು ಕ್ರೇಟಲ್ಲಿ ಎರಡು ಕೊಳೆತಿದ್ರೆ ಎರಡನ್ನ ಎಸೀತಾರಾ, ಲಾರೀನೇ ವಾಪಸ್ ಕಳಿಸ್ತಾರಾ?

(ಇಷ್ಟು ಹೊತ್ತು ನಿದ್ದೆಯಲ್ಲಿದ್ದ ಮ್ಯಾಕ್‌ಬುಕ್ ಇಲ್ಲಿ ಕಣ್ಣು ಬಿಟ್ಟಿತು.)

ಮ್ಯಾಕ್: ಎಕ್ಸ್‌ಕ್ಯೂಸ್ ಮಿ. ಇಂಟರ್‌ವ್ಯೂ ಅವರೊಬ್ಬರದೇನಾ?

ನೀವೂ ಮಾತಾಡಿ. ನಿಮಗೇನು ಕೊರತೆ?

ಮ್ಯಾಕ್: ಆಕ್ಚುಲಿ ನಮ್ಮದು ದೊಡ್ಡ ಮನೆತನ. 1993ರಲ್ಲಿ ಬಂದ 'ಡೂಮ್' ಆಟ ಗೊತ್ತಲ್ಲ? ಅದನ್ನ ತಯಾರು ಮಾಡಿದ್ದು ನೆಕ್ಸ್ಟ್ ಕಂಪ್ಯೂಟರುಗಳ ಮೇಲೆ. ನೆಕ್ಸ್ಟ್ ಅಂದರೆ ಸ್ಟೀವ್ ಜಾಬ್ಸ್ ಅವರದು, ನನ್ನ ಸಿಸ್ಟಮ್‌ಗೆ ಅಜ್ಜ. 1999ರಲ್ಲಿ 'ಹೇಲೋ' ಅನ್ನೋ ಆಟವನ್ನ ಜಾಬ್ಸ್ ಮ್ಯಾಕ್‌ವರ್ಲ್ಡ್ ವೇದಿಕೆ ಮೇಲೆ ಹೆಮ್ಮೆಯಿಂದ ತೋರಿಸಿದ್ದರು.

ಆಮೇಲೆ?

ಮ್ಯಾಕ್: (ಸ್ವಲ್ಪ ಹೊತ್ತು ಸುಮ್ಮನಿದ್ದು) 2000ದಲ್ಲಿ ಆ ಆಟ ಮಾಡ್ತಿದ್ದ ಬಂಜೀ ಕಂಪನಿಯನ್ನೇ ಮೈಕ್ರೋಸಾಫ್ಟ್ ಕೊಂಡುಬಿಟ್ಟಿತು. 2001ರಲ್ಲಿ ಆಟ ಎಕ್ಸ್‌ಬಾಕ್ಸ್‌ಗೆ ಬಂತು. ನಮ್ಮ ಮನೆಗೆ ಬಂದದ್ದು 2003ರ ಕೊನೆಗೆ.

ಲ್ಯಾಪ್‌ಟಾಪ್: ನಿಶ್ಚಿತಾರ್ಥ ಇವರ ಮನೇಲಿ, ಮದುವೆ ಪಕ್ಕದ ಮನೇಲಿ. ಎರಡು ವರ್ಷ ಆದ್ಮೇಲೆ ಬೀಗರ ಊಟಕ್ಕೆ ಕರೆದ್ರು.

ಮ್ಯಾಕ್: ನೀವು ಸುಮ್ಮನಿರಿ.

ಲ್ಯಾಪ್‌ಟಾಪ್: ನಿಮ್ಮ ಮನೆಯೋರೇ ಮಾಡಿದ್ದನ್ನೂ ಹೇಳಕ್ಕ. 2019ರಲ್ಲಿ ಕ್ಯಾಟಲಿನಾ ಅಂತ ಹೊಸ ಸಿಸ್ಟಮ್ ಹಾಕ್ಕೊಂಡ್ರಲ್ಲ, 32 ಬಿಟ್ಟಿನ ಹಳೇ ಪ್ರೋಗ್ರಾಮುಗಳಿಗೆ ಬಾಗಿಲು ಹಾಕಿದ್ರು. ರಾತ್ರಿ ಇದ್ದ ಆಟ ಬೆಳಗ್ಗೆ ಇಲ್ಲ. ದುಡ್ಡು ಕೊಟ್ಟು ಕೊಂಡ ಆಟ!

ಮ್ಯಾಕ್: ಅದು ಭದ್ರತೆಗಾಗಿ, ವೇಗಕ್ಕಾಗಿ... (ದನಿ ತಗ್ಗಿಸಿ) ಅಕ್ಕ ಕಾಲೇಜಲ್ಲಿದ್ದಾಗ ಆಡ್ತಿದ್ದ ಒಂದು ಆಟದ ಗುರುತು ಈಗಲೂ ನನ್ನ ಫೋಲ್ಡರಿನಲ್ಲಿದೆ. ಮೇಲೊಂದು ಅಡ್ಡಗೆರೆ ಬಿದ್ದಿದೆ. ಅವಳು ಅಳಿಸಿಲ್ಲ.

ಕಂಪನಿಗಳ ವಾದದಲ್ಲೂ ನ್ಯಾಯ ಇದೆಯಲ್ಲವೆ? ಆಡುವವರೇ ಇಲ್ಲದಿದ್ದರೆ ಯಾರಿಗೆ ಅಂತ ಮಾಡಬೇಕು?

ಲ್ಯಾಪ್‌ಟಾಪ್: ಈ ಮಾತು ನಮ್ಮೂರಿಗೆ ಹಳೇದು. ಬಸ್ಸು ಯಾಕಿಲ್ಲ ಅಂತ ಕೇಳಿದ್ರೆ ಜನ ಇಲ್ಲ ಅಂತಾರೆ. ಜನ ಯಾಕಿಲ್ಲ? ಬಸ್ಸಿಲ್ಲ ಅಂತ ಎಲ್ಲಾ ಬೈಕು ತಗೊಂಡ್ರು, ಆಟೋ ಹತ್ತಿದ್ರು. ಆಟ ಆಡೋ ಹುಡುಗ ಲಿನಕ್ಸಿಗೆ ಬರಲ್ಲ, ಯಾಕಂದ್ರೆ ಆಟ ಇಲ್ಲ. ಆಟ ಇಲ್ಲ, ಯಾಕಂದ್ರೆ ಹುಡುಗ ಬರಲಿಲ್ಲ. ಬಂದೋನೂ ಒಂದು ವಾರ ನೋಡಿ ವಿಂಡೋಸ್ ಹಾಕ್ಕೊಂಡು ಹೋಗ್ತಾನೆ. ಆಮೇಲೆ ತಲೆ ಎಣಿಸೋರು ಬಂದು 'ನೋಡಿ, ನಾವು ಹೇಳಿರಲಿಲ್ವಾ' ಅಂತಾರೆ.

ನಿಮಗಾಗಿ ಬಸ್ಸು ಓಡಿಸಿದವರು ಯಾರೂ ಇಲ್ಲವೆ?

ಲ್ಯಾಪ್‌ಟಾಪ್: ಇದ್ರು. 1998ರಲ್ಲಿ ಲೋಕಿ ಅಂತ ಅಮೆರಿಕದ ಕಂಪನಿ, ಹೆಸರಾದ ಆಟಗಳನ್ನ ಲಿನಕ್ಸ್‌ಗೆ ತರೋದೇ ಅವರ ಕಸುಬು. ಡಬ್ಬೀಲಿ ಹಾಕಿ ಮಾರಿದ್ರು. 2002ರ ಜನವರೀಲಿ ಬಾಗಿಲು ಹಾಕಿದ್ರು. 2010ರಲ್ಲಿ ಆಟ ಮಾರೋ ಸ್ಟೀಮ್ ಅಂಗಡಿ ಮ್ಯಾಕ್‌ಗೆ ಬಂತು, 2013ರಲ್ಲಿ ನನಗೂ ಬಂತು, ನಮಗೂ ಕಾಲ ಬಂತು ಅಂದ್ಕೊಂಡ್ವಿ. 2020ರ ಮಾರ್ಚಲ್ಲಿ 'ರಾಕೆಟ್ ಲೀಗ್' ನಮ್ಮಿಬ್ಬರ ಆವೃತ್ತಿಯನ್ನೂ ಕೈಬಿಟ್ಟಿತು. ಆಡೋರಲ್ಲಿ ಮ್ಯಾಕು, ಲಿನಕ್ಸು ಎರಡೂ ಸೇರಿ 0.3 ಪರ್ಸೆಂಟೂ ಇಲ್ಲ ಅಂದ್ರು. ಇದ್ದ ಬಸ್ಸೂ ನಿಂತೋಯ್ತು. ಟಿಕೆಟ್ ದುಡ್ಡು ವಾಪಸ್ ಕೇಳಿ ಅಂದ್ರು, ಅಷ್ಟು ಮರ್ಯಾದೆ ಉಳಿಸಿದ್ರು.

ಇನ್ನೊಂದು ಐತೆ ಸಾಮೀ. ದುಭಾಷಿ ಚೆನ್ನಾಗಿ ಆದಷ್ಟೂ 'ಪ್ರೋಟಾನ್ ಐತಲ್ಲ, ಅದರಲ್ಲೇ ಆಡ್ಕೊಳ್ಳಿ' ಅಂತ ಕೈ ತೊಳ್ಕೊಳ್ಳೋರು ಜಾಸ್ತಿ ಆದ್ರು. ಮಗ ಇಂಗ್ಲಿಷ್ ಓದಿ ಹೇಳ್ತಾನಲ್ಲ ಅಂತ ಬ್ಯಾಂಕಿನೋರು ಕನ್ನಡ ಫಾರಂ ಅಚ್ಚು ಹಾಕಿಸದೇ ಇದ್ದಂಗೆ.

ಆಟದ ಉದ್ಯಮ ನಮ್ಮ ರಾಜ್ಯದಲ್ಲೇ ಬೆಳೆಯುತ್ತಿದೆ ಅನ್ನುತ್ತಾರಲ್ಲ?

ಮ್ಯಾಕ್: ನಿಜ. ಅನಿಮೇಷನ್, ಗೇಮಿಂಗ್‌ಗೆ ಅಂತ 2012ರಲ್ಲೇ ಕರ್ನಾಟಕ ಸರ್ಕಾರ ನೀತಿ ತಂದಿತ್ತು. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ 1997ರಲ್ಲೇ ಶುರುವಾಯಿತು. 2019ರಲ್ಲಿ ಅದನ್ನ ರಾಕ್‌ಸ್ಟಾರ್‌ನವರು ಕೊಂಡರು. ರಾಕ್‌ಸ್ಟಾರ್‌ನವರ 'ರೆಡ್ ಡೆಡ್ ರಿಡೆಂಪ್ಷನ್ 2' ಆಟದಲ್ಲಿ ಅವರ ಬೆಂಗಳೂರಿನ ಸ್ಟುಡಿಯೋದವರ ಕೆಲಸವೂ ಸೇರಿದೆ. ಅದು 2018ರಲ್ಲಿ ಕನ್ಸೋಲ್‌ಗಳಿಗೆ ಬಂತು, ಮಾರನೇ ವರ್ಷ ವಿಂಡೋಸ್‌ಗೆ ಬಂತು.

ಲ್ಯಾಪ್‌ಟಾಪ್: ನಿನಗಕ್ಕ?

ಮ್ಯಾಕ್: ...

ಲ್ಯಾಪ್‌ಟಾಪ್: ಕಾಯಿ ನಮ್ಮದು, ಜ್ಯೂಸ್ ಬಾಟ್ಲು ಅವರದು. ಮಾವಿನ ಊರೋರಿಗೆ ಇದು ಹೊಸದೇನಲ್ಲ.

ನಿಮ್ಮಿಬ್ಬರ ಕುಲದಲ್ಲಿ ಆಟ ಆಡುವವರು ಯಾರೂ ಇಲ್ಲವೆ?

ಮ್ಯಾಕ್: ಏಕಿಲ್ಲ? ನನ್ನ ತಮ್ಮ ಐಫೋನು. ಈ ಕೋಲಾರ ಜಿಲ್ಲೆಯಲ್ಲೇ, ನರಸಾಪುರದ ಕಾರ್ಖಾನೆಯಲ್ಲಿ ಜೋಡಣೆಯಾಗ್ತಾನೆ. ಅವನಿಗಾಗಿ ಆಟ ಮಾಡೋಕೆ ಕಂಪನಿಗಳು ಸಾಲು ನಿಂತಿವೆ. ಈಗಿನ ಮ್ಯಾಕಿನ ಚಿಪ್ಪಿಗೂ ಅವನ ಚಿಪ್ಪಿಗೂ ಒಂದೇ ಬಸಿರು. ಆದರೂ ಅವನಿಗೆ ಹೋಳಿಗೆ, ನನಗೆ ಎಕ್ಸೆಲ್ ಶೀಟು.

ಲ್ಯಾಪ್‌ಟಾಪ್: ನನ್ನ ತಮ್ಮ ಹುಡುಗನ ಜೇಬಲ್ಲೇ ಇದಾನೆ. ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸೇ. ನನ್ನ ಮೇಲೆ ಮುನಿಸ್ಕೊಂಡು ಒಂದು ವಾರದಿಂದ ಹುಡುಗ ಮಾಳಿಗೆ ಮೇಲೆ ಕೂತು ಬಂದೂಕಿನ ಆಟ ಆಡ್ತಾ ಇರೋದು ನನ್ನ ತಮ್ಮನ ಹೆಗಲ ಮೇಲೆ. ಅತ್ತ ಕಡೆ ಆ ಆಟದ ಕಂಪನಿಗಳ ಸರ್ವರ್ ಕೋಣೆಗೆ ಹೋಗಿ ನೋಡಿ, ಅಲ್ಲೂ ದುಡಿಯೋರಲ್ಲಿ ನಮ್ಮೋರೇ ಜಾಸ್ತಿ. ಅಡುಗೆ ಮನೇಲಿ ನಾವು, ಜೇಬಲ್ಲಿ ನಾವು. ಪಂಕ್ತೀಲಿ ಎಲೆ ಹಾಕೋ ಹೊತ್ತಿಗೆ ಮಾತ್ರ 'ನೀವು ಬಹಳ ಕಡಿಮೆ ಜನ' ಅಂತಾರೆ.

ಹುಡುಗನಿಗೆ ಏನಾದರೂ ಹೇಳಬೇಕೆ?

ಲ್ಯಾಪ್‌ಟಾಪ್: ಪೆನ್‌ಡ್ರೈವಲ್ಲಿ ವಿಂಡೋಸ್ ತರಿಸಿಕೊಂಡಿದಾನೆ, ನನಗೆ ಗೊತ್ತು. ಹಾಕಲಿ, ಅವನ ಆಟದ ವಯಸ್ಸು. ನನಗೂ ಅರ್ಧ ಡಿಸ್ಕು ಬಿಡು ಅಂತ ಹೇಳಿ ಸಾಕು. ಅವರ ಅಪ್ಪ ಕಾಯಿ ಲೆಕ್ಕ ನನ್ನಲ್ಲೇ ಇಟ್ಟಿರೋದು.

ಹೂಂ, ಈಗ ನಾನೊಂದು ಕೇಳ್ಲಾ ಸಾಮೀ? ಈ ಸಂದರ್ಶನ ಎಲ್ಲಿ ಟೈಪ್ ಮಾಡ್ತೀರಿ? ಕನ್ನಡ ಕೀಬೋರ್ಡು ನನ್ನಲ್ಲೇ ಐತೆ, ಬೇಕಾದ್ರೆ ಈಗ್ಲೇ ಶುರು ಮಾಡಿ.

ಬೇಡ, ಅದು... ಪ್ರೆಸ್ಸಿನವರು ಯೂನಿಕೋಡ್ ಆಗಲ್ಲ ಅಂದಿದ್ದಾರೆ. ಹಳೇ ನುಡಿ ಫಾಂಟಿನಲ್ಲೇ ಫೈಲು ಕೊಡಬೇಕಂತೆ.

ಲ್ಯಾಪ್‌ಟಾಪ್: ಆ ಹಳೇ ನುಡಿ ಯಾವುದರಲ್ಲಿ ಓಡುತ್ತೆ?

ಮ್ಯಾಕ್‌ಬುಕ್ ಮೊದಲ ಸಲ ನಕ್ಕಿತು. ನಾನು ನೋಟ್‌ಬುಕ್ ಮಡಚಿ, ಶ್ರೀನಿವಾಸಪುರದಲ್ಲಿ ವಿಂಡೋಸ್ ಇರುವ ಡಿ.ಟಿ.ಪಿ. ಅಂಗಡಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಹುಡುಗನ ಅಕ್ಕನನ್ನು ಕೇಳಿದೆ. 'ಆರಕ್ಕೆ ಮುಚ್ತಾರೆ ಅಂಕಲ್' ಅಂದಳು. ಗಡಿಬಿಡಿಯಲ್ಲಿ ಬಸ್ ನಿಲ್ದಾಣಕ್ಕೆ ಬಂದೆ. ಪೆಟ್ಟಿಗೆ ಅಂಗಡಿಯವನು ನನ್ನ ಮುಖ ನೋಡಿ, 'ನಾಲ್ಕೂವರೆದು ಈಗ ಬರಲ್ಲ ಸಾರ್, ನಿಲ್ಲಿಸಿಬಿಟ್ರು' ಅಂದ. ಯಾಕೆ ಅಂತ ನಾನು ಕೇಳಲಿಲ್ಲ.