ಇನ್ನೂ ಬಿಸಿಯಾಗಿಲ್ಲ

ವಾದ್ಯ ನುಡಿಸುವವರು ಒಂದು ಪಂಗಡ, ವಾದ್ಯ ಆರಿಸುವವರು ಇನ್ನೊಂದು ಪಂಗಡ. ಮೊದಲನೆಯವರನ್ನು ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ನೋಡಬಹುದು. ಕೀಬೋರ್ಡು ಸೆಕೆಂಡ್ ಹ್ಯಾಂಡು, ಅದರಲ್ಲಿ ಒಂದೆರಡು ಕೀ ಒತ್ತಿದರೆ ಮೇಲೇಳುವುದಿಲ್ಲ, ಸ್ಟ್ಯಾಂಡಿಗೆ ಗೋಣಿದಾರ ಸುತ್ತಿದೆ. ಆದರೂ ಪೊಲೀಸರು ಬಂದು ಮೈಕ್ ನಿಲ್ಲಿಸುವವರೆಗೆ ಬೀದಿಯೆಲ್ಲ ಕುಣಿಯುತ್ತದೆ. ಎರಡನೆಯವರು ಯಾವ ವೇದಿಕೆಯಲ್ಲೂ ಕಾಣಸಿಗುವುದಿಲ್ಲ. ಅವರು ಮನೆಯ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ದಪ್ಪ ಪರದೆ ಎಳೆದುಕೊಂಡು, ಇನ್ನೂ ಕೊಳ್ಳದ ಯಂತ್ರವೊಂದರ ವಿಡಿಯೋ ನೋಡುತ್ತಾ ಕೂತಿರುತ್ತಾರೆ. ಬೆಂಗಳೂರಿನಲ್ಲಿ ಈಗ ಇವರ ಸಂತತಿ ಹೆಚ್ಚಿದೆ. ವಯಸ್ಸು ನಲವತ್ತರ ಮೇಲೆ, ನೌಕರಿ ಸಾಫ್ಟ್‌ವೇರಿನಲ್ಲಿ, ಮನೆ ಸಾಲ ತೀರಿದೆ ಅಥವಾ ತೀರಿತೆಂಬ ಭ್ರಮೆ ಇದೆ. ಎಂಬತ್ತರ ದಶಕದ ಸಿನಿಮಾ ಹಾಡು ಹಾಕಿದರೆ ಇವರಿಗೆ ಸಾಹಿತ್ಯವೂ ಕೇಳಿಸದು, ಗಾಯಕರೂ ಕೇಳಿಸರು; ಹಿಂದೆಲ್ಲೋ ಎದ್ದು ಅಡಗುವ ಒಂದು 'ಝೂಂ' ಮಾತ್ರ ಕೇಳಿಸುತ್ತದೆ. ಅದು ಯಾವ ಯಂತ್ರದ್ದು ಎಂದು ಹೇಳಿ ಮುಗಿಸುವಷ್ಟರಲ್ಲಿ ಹಾಡೇ ಮುಗಿದಿರುತ್ತದೆ.

ಸಿಂಥಸೈಜರ್ ಎಂದರೆ ಕರೆಂಟನ್ನೇ ದನಿಯಾಗಿಸುವ ಯಂತ್ರ. ತಂತಿ ಮೀಟುವುದಿಲ್ಲ, ಗಾಳಿ ಊದುವುದಿಲ್ಲ. ಒಳಗೆ ಸರ್ಕ್ಯೂಟಿನಲ್ಲಿ ವೋಲ್ಟೇಜು ಏರಿಳಿಯುತ್ತದೆ, ಹೊರಗೆ ಸ್ಪೀಕರಿನಲ್ಲಿ ಸ್ವರ ಕೇಳುತ್ತದೆ. ಇಷ್ಟು ತಿಳಿದರೆ ಸಾಕು, ಮಿಕ್ಕಿದ್ದೆಲ್ಲ ಮತಭೇದ. ಮತಗಳು ಮೂರು. ಹಳೆಯದೇ ಸತ್ಯ ಎನ್ನುವುದು ಮೊದಲನೆಯ ಮತ. 1970ರ ಮಿನಿಮೋಗ್, 1978ರ ಪ್ರಾಫೆಟ್-5, 'ಬ್ಲೇಡ್ ರನ್ನರ್' ಸಿನಿಮಾಕ್ಕೆ ವ್ಯಾಂಜೆಲಿಸ್ ನುಡಿಸಿದ, 80 ಕಿಲೋಗೂ ಮೀರಿ ತೂಗುವ ಯಮಹಾ ಸಿಎಸ್-80: ಇವು ಈ ಮತದ ದೇವರುಗಳು. ಅದೇ ಬಗೆಯ ಸರ್ಕ್ಯೂಟನ್ನು ಇವತ್ತಿನ ಬಿಡಿಭಾಗಗಳಿಂದ ಮಾಡಿ ವಾರಂಟಿ ಸಮೇತ ಮಾರುತ್ತಾರಲ್ಲ, ಅದನ್ನೇ ತಗೊಳ್ಳಿ ಎನ್ನುವುದು ಎರಡನೆಯದು. 2016ರಲ್ಲಿ ಮಿನಿಮೋಗ್ ಮತ್ತೆ ಹುಟ್ಟಿತು, 2020ರಲ್ಲಿ ಪ್ರಾಫೆಟ್-5. ಕಡಿಮೆ ಬೆಲೆಯ ನಕಲುಗಳಂತೂ ಬೇಕಾದಷ್ಟಿವೆ. ಮೂರನೆಯದು ನಿರಾಕಾರ ಮತ: ಪೆಟ್ಟಿಗೆಯೇ ಬೇಡ, ಎಲ್ಲವೂ ಲ್ಯಾಪ್‌ಟಾಪಿನಲ್ಲಿದೆ. ಆರ್ಟೂರಿಯಾ ಎಂಬ ಫ್ರೆಂಚ್ ಕಂಪನಿ ಹಳೆಯ ದೇವರುಗಳನ್ನೆಲ್ಲ ಒಂದೇ ಸಾಫ್ಟ್‌ವೇರ್ ಕಟ್ಟಿನಲ್ಲಿ ಕೂರಿಸಿಕೊಟ್ಟಿದೆ. ಕಾಸೂ ಬೇಡ ಎನ್ನುವವರಿಗೆ ಸರ್ಜ್ ಎಕ್ಸ್‌ಟಿಯಂಥ ಉಚಿತ ಸಿಂಥ್‌ಗಳಿವೆ. ಆದರೆ ಉಚಿತವಾದದ್ದನ್ನು ಆರಿಸುವುದರಲ್ಲಿ ಏನು ಸ್ವಾರಸ್ಯ?

ನಮ್ಮ ವೋಲ್ಟೇಜ್ ರಾಯ ಈ ಮೂರೂ ಮತಗಳಲ್ಲಿ ದೀಕ್ಷೆ ಪಡೆದವನು. ಸಂಬಳ ಬಂದ ವಾರ ಹಳೆಯದರ ಭಕ್ತ, ತಿಂಗಳ ನಡುವೆ ಹೊಸ ಅನಲಾಗಿನ ಪಕ್ಷಪಾತಿ, ಕ್ರೆಡಿಟ್ ಕಾರ್ಡಿನ ಬಿಲ್ ಬಂದ ದಿನ ಕಟ್ಟಾ ಸಾಫ್ಟ್‌ವೇರ್‌ವಾದಿ. ಕಾಲೇಜಿನಿಂದ ಗೆಳೆಯ, ಈಗ ಬನಶಂಕರಿಯಲ್ಲಿ ನಮ್ಮ ಹಿಂದಿನ ರಸ್ತೆಯಲ್ಲೇ ಮನೆ. ಅಡ್ಡಹೆಸರು ನಾನು ಇಟ್ಟದ್ದು. ಸಿಂಥಿನಲ್ಲಿ ಸ್ವರದ ಎತ್ತರ, ದನಿಯ ಬಣ್ಣ, ಸದ್ದಿನ ಜೋರು ಮೂರನ್ನೂ ಆಳುವುದು ವೋಲ್ಟೇಜೇ ಎಂದು ನಮ್ಮ ಮನೆಯ ಸತ್ಯನಾರಾಯಣ ಪೂಜೆಯ ದಿನ, ಪುರೋಹಿತರು ಕಥೆ ಹೇಳುತ್ತಿರುವಾಗಲೇ, ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಪ್ರಸಾದದ ಹೊತ್ತಿಗೆ ಹೆಸರು ಸಿದ್ಧವಾಗಿತ್ತು.

ನಾನು ಸಿಕ್ಕಿಬಿದ್ದದ್ದು ಹೇಗೆಂದರೆ, ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆಂದು ನಾನೊಂದು ಭಾವಗೀತೆ ಬರೆದೆ. "ರಾಗ ನಾನು ಹಾಕ್ತೀನಿ ಕಣೋ, ನೀನು ನಿಶ್ಚಿಂತೆಯಿಂದಿರು," ಎಂದ. ಅಂದಿನಿಂದ ಎಷ್ಟು ನವೆಂಬರ್‌ಗಳು ಬಂದು ಹೋದವೋ, ಅಧ್ಯಕ್ಷರು ಬದಲಾದರು, ಪೆಂಡಾಲಿನವನು ಬದಲಾದ. ಕೇಳಿದಾಗಲೆಲ್ಲ ಒಂದೇ ಉತ್ತರ: "ಪಲ್ಲವಿ ತಲೇಲಿದೆ. ಆದ್ರೆ ಅದಕ್ಕೆ ತಕ್ಕ ದನಿ ಸಿಗಬೇಕಲ್ಲ!"

ಸಂಜೆ ಅವನ ಮನೆಗೆ ಹೋದರೆ ಕೋಣೆಯ ಬಾಗಿಲಲ್ಲೇ ತಡೆಯುತ್ತಾನೆ. "ಈಗ ಬೇಡ. ಇನ್ನೂ ಬಿಸಿಯಾಗಿಲ್ಲ." ಅನಲಾಗ್ ಸರ್ಕ್ಯೂಟು ತಣ್ಣಗಿದ್ದಾಗ ಶ್ರುತಿ ಜಾರುತ್ತದಂತೆ, ಸ್ವಿಚ್ ಹಾಕಿ ಅರ್ಧ ಗಂಟೆ ಬಿಟ್ಟ ಮೇಲೆ ಹದಕ್ಕೆ ಬರುತ್ತದಂತೆ. ಅಷ್ಟರಲ್ಲಿ ಅವನ ಹೆಂಡತಿ ಕಾಫಿ ತಂದಿಟ್ಟು, "ನೀವೇ ಒಂದು ಮಾತು ಹೇಳಿ ಇವರಿಗೆ. ಆ ಡಬ್ಬ ಬಿಸಿಯಾಗೋ ಹೊತ್ತಿಗೆ ದಿನಾ ಕಾಫಿ ಆರಿಹೋಗುತ್ತೆ," ಎನ್ನುತ್ತಾರೆ. ಡಬ್ಬ ಬಿಸಿಯಾಯಿತು ಎನ್ನುವಾಗ ಕರೆಂಟು ಹೋಗುತ್ತದೆ. ಬಂದ ಮೇಲೆ ಮತ್ತೆ ಅರ್ಧ ಗಂಟೆ.

ಎಲ್ಲಕ್ಕಿಂತ ಹೆಚ್ಚು ನನ್ನ ಪ್ರಾಣ ತಿಂದದ್ದು ಜಪಾನಿನಿಂದ ತರಿಸಿದ ಆರು ದನಿಯ ಸಿಂಥು. ತಯಾರಿಸಿದವರ ಹೆಸರು ಬೇಡ. ನಲವತ್ತು ದಾಟಿದವರ ಕಾಯಿಲೆಗೆ ಹೆತ್ತವರನ್ನು ಬೈಯಬಾರದು. ಅದು ಕುಡಿಯುತ್ತಿದ್ದುದು ಜಪಾನಿನ 100 ವೋಲ್ಟ್. ನಮ್ಮ ಗೋಡೆಯಲ್ಲಿರುವುದು 230. ನಡುವೆ ಪಂಚಾಯಿತಿ ಮಾಡಲು ಎಸ್.ಪಿ. ರೋಡಿನಿಂದ ಒಂದು ಟ್ರಾನ್ಸ್‌ಫಾರ್ಮರ್ ಬಂತು. ಅದು ತನ್ನದೇ ಶ್ರುತಿಯಲ್ಲಿ 'ಗುಂಯ್' ಎನ್ನುತ್ತಿತ್ತು. ಆ ಗುಂಯ್ ಮೇಲೆ ನಮ್ಮ ರಾಯ ಸರಳೆ ನುಡಿಸಿದ.

ಆರು ದನಿ ಎಂದರೆ ಒಳಗೆ ಆರು ಚಿಪ್ಪು. ಒತ್ತಿದ ಸ್ವರಗಳು ಸರದಿ ಪ್ರಕಾರ ಒಂದೊಂದಕ್ಕೆ ಹೋಗುತ್ತವೆ. ಆರು ಮುಗಿದ ಮೇಲೆ ಮತ್ತೆ ಒಂದನೆಯದಕ್ಕೆ. ಇವನದರಲ್ಲಿ ಆರನೆಯ ಚಿಪ್ಪು ಸತ್ತಿತ್ತು. ಎಂದರೆ ಪ್ರತಿ ಆರನೆಯ ಸ್ವರ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಹಜಾರದಲ್ಲಿ ಅವನ ತಾಯಿ ಹೂಬತ್ತಿ ಹೊಸೆಯುತ್ತಾ ಕೂತಿದ್ದರು. ಅವರು ಆ ಕಾಲದಲ್ಲೇ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಪಾಸು ಮಾಡಿದವರು. ಮಗ ಸ ರಿ ಗ ಮ ಪ ಎಂದು ಏರಿದ, ಧೈವತ ಇಲ್ಲ. ಮೇಲಿನ ಷಡ್ಜ ಮುಟ್ಟಿ ಇಳಿದ, ಪಂಚಮ ಇಲ್ಲ. "ಅಪರೂಪದ್ದು ಏನೋ ನುಡಿಸ್ತಿದಾನೆ," ಎಂದು ಅಮ್ಮ ಬತ್ತಿ ಕೆಳಗಿಟ್ಟು ಕಿವಿಗೊಟ್ಟರು. ಎರಡನೆಯ ಸುತ್ತು ಶುರುವಾಯಿತು. ಈಗ ಧೈವತ ಇತ್ತು, ಆದರೆ ರಿಷಭ ಮಾಯ. ಅಮ್ಮ ಹುಬ್ಬು ಗಂಟಿಕ್ಕಿದರು. ಏರುತ್ತಾ ಏರುತ್ತಾ ಮೇಲಿನ ಷಡ್ಜವೇ ಬರಲಿಲ್ಲ. ಅವರಿಗೆ ತಡೆಯಲಾಗಲಿಲ್ಲ. "ಲೋ, ಷಡ್ಜ ವರ್ಜ್ಯ ಮಾಡಿರೋ ರಾಗ ಯಾವ ಗುರುಗಳು ಹೇಳಿಕೊಟ್ಟರೋ ನಿಂಗೆ?" ಎಂದು ಕೂಗಿದರು.

ಮದ್ದು ಈ ವಲಯದಲ್ಲಿ ಎಲ್ಲರಿಗೂ ಗೊತ್ತಿರುವುದೇ. ಚಿಪ್ಪಿನ ಮೇಲೆ ಬಳಿದ ಕಪ್ಪು ಅಂಟು ವಯಸ್ಸಾದಂತೆ ಕೈಕೊಡುತ್ತದೆ. ಅಸಿಟೋನಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಕಿತ್ತರೆ ಎಷ್ಟೋ ಸಲ ಒಳಗಿನ ಜೀವ ಮರಳುತ್ತದೆ. ಮೊದಲು ಮಗಳ ನೇಲ್ ಪಾಲಿಶ್ ರಿಮೂವರ್ ಬಾಟಲಿ ಖಾಲಿಯಾಯಿತು. ಸಾಲದೆ ಕೆಮಿಕಲ್ ಅಂಗಡಿಯಿಂದ ಶುದ್ಧ ಅಸಿಟೋನ್ ಬಂತು. ಉಪ್ಪಿನಕಾಯಿಯ ಗಾಜಿನ ಜಾಡಿಯೊಳಗೆ ಚಿಪ್ಪು ದಿನಗಟ್ಟಲೆ ಸ್ನಾನ ಮಾಡಿತು. ಮನೆಗೆ ಬಂದವರು ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ಕೊನೆಗೆ ನಾನು ಟಾರ್ಚ್ ಹಿಡಿದು ನಿಂತೆ, ಅವನು ಹುಬ್ಬು ಕೀಳುವ ಚಿಮುಟದಿಂದ ಅಂಟು ಬಿಡಿಸಿದ. ಬೆಸುಗೆ ಹಾಕಿ ಸ್ವಿಚ್ ಒತ್ತಿದರೆ, ಧೈವತ ಬಂತು! ಇಬ್ಬರೂ ತಬ್ಬಿಕೊಂಡೆವು. ಭಾವಗೀತೆ ಬರೆದವನು ಕೂಡ ಒಂದು ಧೈವತಕ್ಕೆ ಇಷ್ಟು ಭಾವುಕನಾಗಬಾರದು. ಮುಂದಿನ ವಾರ ಮೂರನೆಯ ಚಿಪ್ಪು ಕೆಮ್ಮಿತು, ಗಾಂಧಾರ ಹೋಯಿತು.

ತಮಾಷೆ ಇರುವುದು ಇಲ್ಲಿ. ಮತ್ತೆ ಹುಟ್ಟಿದ ಹೊಸ ಪ್ರಾಫೆಟ್-5 ಇದೆಯಲ್ಲ, ಅದಕ್ಕೆ 'ವಿಂಟೇಜ್' ಎಂಬ ನಾಬೇ ಇದೆ. ತಿರುಗಿಸಿದಷ್ಟೂ ದನಿಗಳು ಹಳೆಯ ಯಂತ್ರದಂತೆ ಅಲ್ಲಲ್ಲಿ ತಪ್ಪಿ ನಡೆಯುತ್ತವೆ. ಸಾಫ್ಟ್‌ವೇರಿನವರೂ ಇದೇ ದಾರಿ ಹಿಡಿದಿದ್ದಾರೆ. ಕಂಪ್ಯೂಟರಿಗೆ ಬೇಡವಾದ ಮುಪ್ಪನ್ನು ಲೆಕ್ಕ ಹಾಕಿ ಸೇರಿಸಿಕೊಡುತ್ತಾರೆ. ಒಂದು ಕಡೆ ನಮ್ಮವನು ಹಳೆಯದರ ಮುಪ್ಪನ್ನು ಅಸಿಟೋನ್ ಹಾಕಿ ತೊಳೆಯುತ್ತಿದ್ದಾನೆ, ಇನ್ನೊಂದು ಕಡೆ ಹೊಸದಕ್ಕೆ ಮುಪ್ಪು ಬರಿಸುವ ನಾಬಿಗೆ ದುಡ್ಡು ಕೂಡಿಡುತ್ತಿದ್ದಾನೆ. ಇದನ್ನು ಹೇಳಿದರೆ, "ಎರಡೂ ಬೇರೆ ಬೇರೆ ಮುಪ್ಪು ಕಣೋ," ಎಂದು ಅರ್ಧ ಗಂಟೆ ವಿವರಿಸುತ್ತಾನೆ. ಆ ಅರ್ಧ ಗಂಟೆಯಲ್ಲಿ ಯಾವುದೋ ಒಂದು ಡಬ್ಬ ಬಿಸಿಯಾಗುತ್ತಿರುತ್ತದೆ.

ಇತರ ಗುಣಗಳನ್ನು ಬೇಗ ಹೇಳಿಬಿಡುತ್ತೇನೆ. ಬಂದ ಯಂತ್ರಗಳ ರಟ್ಟಿನ ಪೆಟ್ಟಿಗೆ ಬಿಸಾಡುವುದಿಲ್ಲ. ಮುಂದೆ ಮಾರುವಾಗ ಬೆಲೆ ಬರುತ್ತದಂತೆ. ಮಾರಿದ್ದಕ್ಕೆ ಮಾರಿದ ರಾತ್ರಿಯೇ ಕೊರಗುತ್ತಾನೆ. ಒಂದೇ ಸ್ವರವನ್ನು ಮೂರು ಯಂತ್ರಗಳಲ್ಲಿ ನುಡಿಸಿ, "ವ್ಯತ್ಯಾಸ ಗೊತ್ತಾಯ್ತಾ?" ಎಂದು ನನ್ನ ಮುಖ ನೋಡುತ್ತಾನೆ. "ಎಲ್ಲಾ ಚೆನ್ನಾಗಿದೆ," ಎಂದರೆ ಅವತ್ತು ಎರಡನೆಯ ಲೋಟ ಕಾಫಿ ಇಲ್ಲ. ಈ ವಿದೇಶಿ ವ್ಯಾಮೋಹ ಯಾಕೆ ಎಂದು ಹೆಂಡತಿ ಕೇಳಿದರೆ ಕೂಡಲೇ ಅಹಮದಾಬಾದಿಗೆ ಹೋಗುತ್ತಾನೆ: 1969ರಲ್ಲೇ ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಅಮೆರಿಕದ ಡೇವಿಡ್ ಟ್ಯೂಡರ್ ಮೋಗ್ ಸಿಂಥ್ ತಂದು ಸ್ಟುಡಿಯೋ ಕಟ್ಟಿಕೊಟ್ಟಿದ್ದರು, ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಸಂಗೀತ ರಚಿಸಿದರು, ಆದ್ದರಿಂದ ಇದು ನಮ್ಮ ಪರಂಪರೆ. ಪರಂಪರೆಗೆ ಕಸ್ಟಮ್ಸ್ ಸುಂಕ ಎಷ್ಟು ಎಂದು ಆಕೆ ಕೇಳುತ್ತಾರೆ. ಅಲ್ಲಿಗೆ ಮಾತು ನಿಲ್ಲುತ್ತದೆ.

ಇಷ್ಟೆಲ್ಲ ಬೈದ ಮೇಲೂ ಒಂದನ್ನು ಹೇಳದಿದ್ದರೆ ಅನ್ಯಾಯ. ನಮ್ಮ ರಸ್ತೆಯ ಕೊನೆಯಲ್ಲಿ ಸಂಗೀತ ಹೇಳಿಕೊಡುವ ಹಿರಿಯ ಟೀಚರೊಬ್ಬರಿದ್ದಾರೆ. ಅವರ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ತುಂಬಾ ಹಳೆಯದು. ಆ ಪೆಟ್ಟಿಗೆಗೆ ನಮ್ಮೂರಿನ ನಂಟಿದೆ. 1970ರ ದಶಕದ ಕೊನೆಯಲ್ಲಿ ಅಂಥದ್ದನ್ನು ರೂಪಿಸಿದವರು ಬೆಂಗಳೂರಿನ ಇಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್. ಒಂದರ್ಥದಲ್ಲಿ ಅದೂ ಸಿಂಥೇ. ಆದರೆ ಅದನ್ನು ಹಾಗೆ ಕರೆದು ಯಾರೂ ಜಗಳವಾಡಲಿಲ್ಲ, ಮುಂದಿಟ್ಟುಕೊಂಡು ಹಾಡಿದರು ಅಷ್ಟೆ. ಟೀಚರ ಪೆಟ್ಟಿಗೆ ಜಾರತೊಡಗಿತ್ತು. ಮೊಮ್ಮಗ ಫೋನಿಗೆ ತಂಬೂರಿ ಆ್ಯಪ್ ಹಾಕಿಕೊಟ್ಟಿದ್ದ. ವರ್ಣದ ನಡುವೆ ಬ್ಯಾಂಕಿನವರ ಕಾಲ್ ಬಂದು ಶ್ರುತಿ ನಿಂತುಹೋಗುತ್ತಿತ್ತು. ವೋಲ್ಟೇಜ್ ರಾಯ ಪೆಟ್ಟಿಗೆ ಬಿಚ್ಚಿ ಉಬ್ಬಿದ್ದ ಕೆಪಾಸಿಟರ್ ಬದಲಿಸಿದ, ನಾಬಿನೊಳಗಿನ ಧೂಳು ತೊಳೆದ, ಷಡ್ಜ ಪಂಚಮ ಸೇರುವವರೆಗೆ ಕಿವಿ ಹಚ್ಚಿ ಕೂತ. ರಾತ್ರಿ ಊಟಕ್ಕೂ ಏಳಲಿಲ್ಲ. ಅನಲಾಗ್, ಸಾಫ್ಟ್‌ವೇರ್ ಎಂಬ ಮಾತೇ ಅವನ ಬಾಯಲ್ಲಿ ಬರಲಿಲ್ಲ. ಬೆಳಿಗ್ಗೆ ಆರೂವರೆಗೆ ಪಾಠಕ್ಕೆ ಮಕ್ಕಳು ಬರುವವರಿದ್ದರು; ಅಷ್ಟರೊಳಗೆ ಪೆಟ್ಟಿಗೆ ಹಾಡಬೇಕಿತ್ತು.

ಹಾಡುವವರು ಎದುರಿಗೆ ಕೂತರೆ ಆಯ್ಕೆಯ ಸಂಕಟ ತಾನಾಗಿ ಕರಗುತ್ತದೆ. ಅವನೇ ಪೂಜಿಸುವ ಯಂತ್ರಗಳ ಕಥೆಯೂ ಇದೇ. 1982ರಲ್ಲಿ ಮುಂಬೈನ ಚರಣ್‌ಜಿತ್ ಸಿಂಗ್ ಎಂಬ ಸಿನಿಮಾ ವಾದ್ಯಗಾರರು ರೋಲ್ಯಾಂಡ್ ಕಂಪನಿಯ ಜುಪಿಟರ್-8, ಟಿಆರ್-808, ಟಿಬಿ-303 ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಆಗ ಆ ರೆಕಾರ್ಡನ್ನು ಕೇಳಿದವರಿಲ್ಲ. ಆ ಟಿಬಿ-303 ಬಾಸ್ ಗಿಟಾರಿನ ಬದಲಿಗೆಂದು ಬಂದು, ಮಾರಾಟವಾಗದೆ, 1984ರ ಹೊತ್ತಿಗೆ ನಿಂತೇಹೋಯಿತು. ಶಿಕಾಗೋದ ಹುಡುಗರು ಅಗ್ಗಕ್ಕೆ ಸಿಕ್ಕಿತೆಂದು ಅದನ್ನೇ ತಿರುವಿ ತಿರುವಿ 1987ರಲ್ಲಿ 'ಆ್ಯಸಿಡ್ ಟ್ರ್ಯಾಕ್ಸ್' ತಂದರು. ಒಂದು ಸಂಗೀತ ಪ್ರಕಾರವೇ ಹುಟ್ಟಿತು. 2010ರಲ್ಲಿ ಸಿಂಗರ ರೆಕಾರ್ಡು ಮತ್ತೆ ಬಿಡುಗಡೆಯಾದಾಗ, ಶಿಕಾಗೋಗಿಂತ ಮುಂಚೆಯೇ ಮುಂಬೈಯಲ್ಲಿ ಈ ದನಿ ಇತ್ತಲ್ಲ ಎಂದು ಜನ ಬೆರಗಾದರು. ಸಿಂಗರ ಕೈಯಲ್ಲಿದ್ದದ್ದು ಆಗಿನ ಹೊಸ ಮಾಲು, ಶಿಕಾಗೋದವರ ಕೈಯಲ್ಲಿದ್ದದ್ದು ಬೇಡವಾದ ಮಾಲು. ಕೈಗೆ ಸಿಕ್ಕಿದ್ದರಲ್ಲಿ ಹಾಡು ಮಾಡಿದರು. ಹಾಡಿನಿಂದಾಗಿ ಯಂತ್ರಕ್ಕೆ ಬೆಲೆ ಬಂತು. ನಮ್ಮವನು ಅದೇ ಬೆಲೆ ತೆತ್ತು, ಹಾಡನ್ನು ಪೆಟ್ಟಿಗೆಯೊಳಗೆ ಹುಡುಕುತ್ತಾನೆ.

ಇದನ್ನೆಲ್ಲ ಅವನಿಗೆ ಹೇಳಿ ಬುದ್ಧಿ ಕಲಿಸಬೇಕೆಂದು ಒಂದು ಸಂಜೆ ಹೊರಟೆ. ದಾರಿಯಲ್ಲಿ ನನಗೇ ಒಂದು ಅನುಮಾನ ಬಂತು. ತಕ್ಕ ದನಿ ಸಿಗುವವರೆಗೆ ಅವನ ತಲೆಯೊಳಗಿನ ಪಲ್ಲವಿಗೆ ಯಾವ ಕೊರತೆಯೂ ಇಲ್ಲ. ಹೊರಗೆ ಬಂದ ದಿನ ಅದು ಎಲ್ಲರ ಪಲ್ಲವಿಯಂತೆ ಒಂದು ಪಲ್ಲವಿ. ಆ ದಿನವನ್ನು ಮುಂದೂಡಲು ಒಳ್ಳೆಯ ದುಬಾರಿ ಉಪಾಯ ಕಂಡುಕೊಂಡಿದ್ದಾನೆ. ಸರಿ, ಅವನದಾಯಿತು, ನನ್ನ ಗೀತೆಯ ಗತಿ? ರಾಗ ಬಿದ್ದಿಲ್ಲವೆಂದೇ ಬಡಾವಣೆಯಲ್ಲಿ ನನ್ನನ್ನು ಇಂದಿಗೂ ಕವಿ ಎನ್ನುತ್ತಾರೆ. "ಸಂಗೀತ ತಡವಾಯ್ತಂತೆ, ಇಲ್ಲದಿದ್ರೆ ಅಂಥಾ ಹಾಡು!" ಎಂದು ಹಳೆಯ ಅಧ್ಯಕ್ಷರು ಹೊಸ ಅಧ್ಯಕ್ಷರಿಗೆ ಪರಿಚಯಿಸುತ್ತಾರೆ. ಎರಡನೆಯ ಚರಣದಲ್ಲಿ ಪ್ರಾಸಕ್ಕೆಂದು 'ಕಾವೇರಿ'ಯ ಪಕ್ಕ ಯಾತಕ್ಕೂ ಸಂಬಂಧವಿಲ್ಲದ 'ಭೇರಿ' ಬಾರಿಸಿರುವುದು ನನಗೊಬ್ಬನಿಗೇ ಗೊತ್ತು.

ಅವನ ಮನೆ ಬಾಗಿಲಿಗೆ ಬಂದಾಗ ಫೋನ್ ಹಿಡಿದುಕೊಂಡೇ ಹೊರಬಂದ. "ಸರಿಯಾದ ಸಮಯಕ್ಕೆ ಬಂದೆ ನೋಡು. ಪ್ರಾಫೆಟ್ ತಗೊಳ್ಳೋಣ ಅಂತಿದೀನಿ. ಇದೊಂದು ಬಂದ್ರೆ ನಿನ್ನ ಹಾಡು ಒಂದೇ ವಾರ. ಏನಂತೀಯ, ಆರ್ಡರ್ ಹಾಕಿಬಿಡ್ಲಾ?"

"ಆತುರ ಯಾಕೋ ಮಾರಾಯ," ಎಂದೆ. "ಸಾಫ್ಟ್‌ವೇರಿನಲ್ಲೂ ಒಂದು ಸಲ ಕೇಳಿ ನೋಡು. ನಿಧಾನವಾಗಿ ವಿಚಾರಿಸಿ ತಗೊಂಡ್ರಾಯ್ತು."