ದ್ರಾಕ್ಷಿ ರಸ ತಾನೆ, ಬಿಡಿ!

ಅಲ್ರೀ, ಹತ್ತು ಜನ ಗುಂಪು ಕಟ್ಕೊಂಡು ಇಂದಿರಾನಗರದ ಕಡೆ ಟೀಮ್ ಡಿನ್ನರ್‌ಗೆ ಹೋದಾಗ, ಆ ದಪ್ಪ ರಟ್ಟಿನ ವೈನ್ ಲಿಸ್ಟು ಟೇಬಲ್ಲೆಲ್ಲ ಸುತ್ತಿ ಬಂದು ನಿಮ್ಮ ಕೈಗೇ ಯಾಕೆ ಬೀಳುತ್ತೆ? ತಲೆ ನರೆತಿದೆ ಅಂತಲೋ, ಬಿಲ್ಲು ಕಟ್ಟೋ ಕಳೆ ಮುಖದಲ್ಲಿದೆ ಅಂತಲೋ? (ವೇಟರ್ ಕಣ್ಣು ತಪ್ಪೋದಿಲ್ಲ.) ಪಕ್ಕದವನಿಗೆ ದಾಟಿಸೋಣ ಅಂದ್ರೆ ಅವನಿಗೆ ಆಗಲೇ ತುಂಬಾ ಅರ್ಜೆಂಟ್ ಮೆಸೇಜ್ ಬಂದುಬಿಟ್ಟಿರುತ್ತೆ.

ಸರಿ, ತೆರೀತೀರಿ. ಎಡಗಡೆ ಹೆಸರು, ಬಲಗಡೆ ರೇಟು. ನಿಮ್ಮ ಕಣ್ಣು ಎಡಗಡೆ ಹೋಗೋದೇ ಇಲ್ಲ, ಸುಳ್ಳು ಹೇಳ್ಬೇಡಿ! ತೀರಾ ಕಮ್ಮೀದು ತಗೊಂಡ್ರೆ ಜಿಪುಣ ಅಂತಾರೆ ಅಂತ ಹೆದರಿ, ಅದರ ಮೇಲಿನದಕ್ಕೆ ಬೆರಳಿಡ್ತೀರಿ. ಪಕ್ಕದ ಟೇಬಲ್ ನೋಡಿ, ಅಲ್ಲೂ ಅದೇ ಬಾಟಲು.

ಬೆರಳಿಡೋಕೆ ಮುಂಚೆ ತಲೆ ಎಣಿಸಿದ್ರಾ? ಇಲ್ಲ ತಾನೆ? ಹತ್ತು ಜನ ಅಂದ್ರೆ ಹತ್ತೂ ಜನ ಕುಡಿಯೋರಲ್ಲ. ಒಬ್ಬರಿಗೆ ಶನಿವಾರ, ಇನ್ನೊಬ್ಬರಿಗೆ ಶ್ರಾವಣ, ಮತ್ತೊಬ್ಬರಿಗೆ ಆಂಟಿಬಯಾಟಿಕ್. ಇವರ್‍ಯಾರೂ ತೊಂದ್ರೆ ಕೊಡೋದಿಲ್ಲ. ತೊಂದ್ರೆ ಕೊಡೋರು 'ನಂಗೆ ಬೇಡಪ್ಪ, ಸುಮ್ನೆ ಒಂದು ಸಿಪ್' ಅನ್ನೋರು. ಆ ಒಂದು ಸಿಪ್ಪು ಎಲ್ಲರ ಗ್ಲಾಸಿಂದ್ಲೂ ಒಂದೊಂದಾಗಿ ಹೋಗುತ್ತೆ. (ನಿಮ್ಮ ಮನೆಯವರು ಹಿಂಗೇನಾ? ನಾನೇನೂ ಅಂದಿಲ್ಲ.)

ಲೆಕ್ಕ ಸುಲಭ ಇದೆ, ಕೇಳಿ. ಬಾಟಲು 750 ಎಂ.ಎಲ್. ಗ್ಲಾಸಿಗೆ 150ರಂತೆ ಸುರಿದ್ರೆ ಐದು ಗ್ಲಾಸು. ನಿಜವಾಗ್ಲೂ ಕುಡಿಯೋರು ಆರು ಜನ, ತಲೆಗೆ ಎರಡು ಗ್ಲಾಸು ಅಂದ್ರೆ ಹನ್ನೆರಡು. ಅಂದ್ರೆ ಎರಡು ಬಾಟಲು ಸಾಲೋದಿಲ್ಲ, ಸಿಪ್ ಪಾರ್ಟಿಯನ್ನೂ ಸೇರಿಸಿದ್ರೆ ಮೂರಕ್ಕೆ ಸರಿಹೋಗುತ್ತೆ. ಮೊದಲು ಎರಡು ಹೇಳಿ, ಮೂರನೇದನ್ನ ಊಟದ ಮಧ್ಯೆ ನೋಡ್ಕೊಂಡು ಹೇಳಿ. ನೀವೋ, ಗತ್ತಿನಲ್ಲಿ ಐದು ಅಂದುಬಿಡ್ತೀರಿ!

ಐದು ಯಾಕೆ ಅಂದ್ರೆ, 'ವೈನ್ ತಾನೆ, ದ್ರಾಕ್ಷಿ ರಸ, ಅದೇನು ಏರುತ್ತೆ?' ಇದು ನಿಮ್ಮದೇ ಡೈಲಾಗು ಅಲ್ವಾ? ತಪ್ಪು ನಿಮ್ಮದೊಬ್ಬರದೇ ಅಲ್ಲ ಬಿಡಿ, ಸರ್ಕಾರವೇ ಕರ್ನಾಟಕ ದ್ರಾಕ್ಷಾರಸ ಮಂಡಳಿ ಅಂತ ಬೋರ್ಡು ಹಾಕ್ಕೊಂಡು ಕೂತಿದೆ. ಆದ್ರೆ ನೀವು 'ಅಯ್ಯೋ ಬೇಡ' ಅಂತ ದೂರ ತಳ್ಳೋ ಸ್ಟ್ರಾಂಗ್ ಬಿಯರ್ ಇದೆಯಲ್ಲ, ಅದರಲ್ಲಿ ಆಲ್ಕೋಹಾಲು ಹೆಚ್ಚಂದ್ರೆ ಶೇ. 8. ನಿಮ್ಮ ಈ ರಸದಲ್ಲಿ ಸಾಮಾನ್ಯವಾಗಿ 12ರಿಂದ 14. 'ಹಾರ್ಟಿಗೆ ಒಳ್ಳೇದಂತೆ' ಅಂತ ಬಾಯಿ ತೆಗೀಬೇಡಿ. ಎಷ್ಟು ಕಮ್ಮಿ ಕುಡಿದ್ರೂ ಅದು ಸೇಫ್ ಅನ್ನೋಕಾಗಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿಯಾಗಿದೆ. ಕುಡಿಯೋದಾದ್ರೆ ಖುಷಿಗೆ ಕುಡೀರಿ, ಔಷಧಿ ಅಂತ ನೆಪ ಬೇಡ.

ಈಗ ಊಟಕ್ಕೆ ಬನ್ನಿ. ಸ್ಟಾರ್ಟರ್‌ಗೆ ಏನು ಹೇಳಿದ್ರಿ? ಗುಂಟೂರು ಚಿಕನ್ನು, ಪೆಪ್ಪರ್ ಮಟನ್ನು, ಚಿಲ್ಲಿ ಬೇಬಿಕಾರ್ನ್. ವೈನು ಯಾವುದು ಹೇಳಿದ್ರಿ? ರೆಡ್! ವೈನ್ ಅಂದ್ರೆ ಕೆಂಪಗಿರ್ಬೇಕು ಅನ್ನೋ ನಂಬಿಕೆ ನಿಮ್ಮದು. ಗಟ್ಟಿ ರೆಡ್ಡಿನ ಒಗರು ಖಾರದ ಜೊತೆ ಸೇರಿದ್ರೆ ಬಾಯೆಲ್ಲ ಕಹಿ, ಆಲ್ಕೋಹಾಲು ಬೇರೆ ಉರಿಯನ್ನ ಇನ್ನೂ ಏರಿಸುತ್ತೆ. ಕಣ್ಣಲ್ಲಿ ನೀರು ಸುರಿಸ್ಕೊಂಡು 'ಬಾಡಿ ಚೆನ್ನಾಗಿದೆ' ಅಂತೀರಲ್ಲ, ಯಾರ ಬಾಡಿ ಸ್ವಾಮಿ?

ನಮ್ಮ ಮಸಾಲೆಗೆ ತಣ್ಣಗಿರೋ, ಒಂಚೂರು ಸಿಹಿ ಉಳಿದಿರೋ ವೈಟ್ ಹೊಂದುತ್ತೆ. ನಾಸಿಕ್ ಕಡೆಯ ಶೆನಿನ್ ಬ್ಲಾಂಕ್ ಅಥವಾ ರೀಸ್ಲಿಂಗ್ ಎಲ್ಲ ಕಡೆ ಸಿಗುತ್ತೆ. ತಂದೂರಿ, ಕಬಾಬು ಬಂದ ಮೇಲೆ ರೆಡ್‌ಗೆ ಇಳೀರಿ. 'ಸಿಹಿ ವೈನಾ? ಅದು ಲೇಡೀಸ್‌ಗೆ' ಅಂತ ಯಾರಾದ್ರೂ ಮೂಗು ಮುರಿದ್ರೆ ಅವರ ತಟ್ಟೆಗೆ ಇನ್ನೆರಡು ಪೀಸು ಗುಂಟೂರು ಚಿಕನ್ ಬಡಿಸಿ, ಹತ್ತು ನಿಮಿಷ ಕಾಯಿರಿ. ಅವರ ಗ್ಲಾಸೇ ಮೊದಲು ಮುಂದಕ್ಕೆ ಬರುತ್ತೆ.

ಇನ್ನೊಂದು, ರೆಡ್ಡನ್ನ ರೂಂ ಟೆಂಪರೇಚರಲ್ಲಿ ಕುಡೀಬೇಕು ಅಂತ ಎಲ್ಲೋ ಓದಿದ್ದೀರಿ. ಯಾರ ರೂಮು ಅಂತ ಕೇಳಿದ್ರಾ? ಯೂರೋಪಿನ ಹಳೇ ಕಲ್ಲಿನ ಮನೆಗಳ ರೂಮು ಅದು, 16ರಿಂದ 18 ಡಿಗ್ರಿ. ಏಪ್ರಿಲ್ ತಿಂಗಳ ಬೆಂಗಳೂರಲ್ಲಿ ಶೆಲ್ಫ್ ಮೇಲಿಂದ ಇಳಿಸಿದ ಬಾಟಲು ಬೆಚ್ಚಗೇ ಇರುತ್ತೆ. ಐಸ್ ಬಕೆಟ್ಟಲ್ಲಿ ಹತ್ತು ಹದಿನೈದು ನಿಮಿಷ ಇಡಿಸಿ. (ಗ್ಲಾಸಿಗೇ ಐಸ್ ಹಾಕೋದು ಬೇರೆ ವಿಷ್ಯ. ಅದನ್ನ ಮಾಡಿದ್ದು ಯಾರು ಅಂತ ನಂಗೊತ್ತು.)

ಬಾಟಲು ಬಂತು. ವೇಟರ್ ನಿಮ್ಮ ಗ್ಲಾಸಿಗೆ ಎರಡು ಚಮಚದಷ್ಟು ಸುರಿದು, ಕೈಕಟ್ಟಿ ನಿಲ್ತಾನೆ. ನೀವು ಗ್ಲಾಸನ್ನ ಎಷ್ಟು ಗಿರಗಿರ ತಿರುಗಿಸ್ತೀರಿ ಅಂದ್ರೆ ಎರಡು ಹನಿ ಬಿಳಿ ಶರ್ಟಿನ ಮೇಲೆ. ಆಮೇಲೆ ಕಣ್ಮುಚ್ಚಿ, ಹುಬ್ಬೇರಿಸಿ, 'ಹ್ಞಾಂ... ಸ್ಮೂತ್.' ಅವನು ಕೇಳಿದ್ದು ಅದಲ್ಲ ಕಣ್ರೀ! ಕೆಟ್ಟಿದ್ಯಾ, ಒದ್ದೆ ರಟ್ಟಿನ ವಾಸನೆ ಬರ್ತಿದ್ಯಾ, ಅಷ್ಟೇ ನೋಡಬೇಕಾದ್ದು. ಕಾರ್ಕಿಗೆ ಸೋಂಕು ತಗುಲಿದ್ರೆ ಹಾಗಾಗುತ್ತೆ. ನಿಮ್ಮ ಟೇಬಲ್ಲಿಗೆ ಬಂದಿದ್ದೋ, ತಿರುಗಿಸಿ ತೆಗೆಯೋ ಲೋಹದ ಮುಚ್ಚಳದ್ದು. ಅದರಲ್ಲಿ ಕಾರ್ಕೇ ಇಲ್ಲ. ಆದ್ರೂ ಆ ಮುಚ್ಚಳ ಇಸ್ಕೊಂಡು ಮೂಸಿ ನೋಡಿದ್ರಲ್ಲ, ಏನು ವಾಸನೆ ಬಂತು?

ಗತ್ತು ಅಂದ್ರೆ ಫಾರಿನ್ನೇ ಆಗ್ಬೇಕು ನಿಮಗೆ. ಆಮದು ಸುಂಕ, ಹೋಟ್ಲಿನ ಲಾಭ ಎಲ್ಲ ಸೇರಿ ಏರಿದ ರೇಟಿಗೆ ಸಿಗೋದು ಅಲ್ಲಿನ ಸಾಧಾರಣ ಬಾಟಲು. ಪ್ರತಿ ಭಾನುವಾರ ಬೆಳಗಿನ ಜಾವ ನಂದಿಬೆಟ್ಟಕ್ಕೆ ಓಡ್ತೀರಲ್ಲ, ಅದರ ಬುಡದಲ್ಲೇ ದೊಡ್ಡಬಳ್ಳಾಪುರದ ಹತ್ರ ಗ್ರೋವರ್‌ನವರು 1988ರಲ್ಲೇ ವೈನ್ ಕಂಪನಿ ಶುರುಮಾಡಿದ್ದಾರೆ. ಅವರ ಲಾ ರಿಸರ್ವ್, ಆಚೆ ಹಂಪಿ ಕಡೆಯ ಕ್ರಸ್ಮಾ, ಎರಡೂ ನಾಲ್ಕು ಜನರ ಮುಂದೆ ಇಡೋ ಹಾಗಿವೆ. (ಚಿಕ್ಕಬಳ್ಳಾಪುರದ ಬೆಂಗಳೂರು ಬ್ಲೂ, ಅದೇ ತಿರುಳು ಚೀಪಿ ಸಿಪ್ಪೆ ಉಗಿಯೋ ಕಪ್ಪು ದ್ರಾಕ್ಷಿ, ಇವುಗಳಲ್ಲಿ ಇಲ್ಲ. ಇವೆಲ್ಲ ಕ್ಯಾಬರ್ನೆ, ಶಿರಾಜ್ ಜಾತಿ.) ಹೆಸರು ಹೇಳೋಕೆ ನಾಲಿಗೆ ತೊಡರಿದ್ರೆ ರೇಟಿನ ಮೇಲೆ ಬೆರಳಿಟ್ಟು 'ಈ ರೇಂಜಲ್ಲಿ ಯಾವುದು ಚೆನ್ನಾಗಿದೆ?' ಅನ್ನಿ. ವೇಟರ್‌ಗೆ ಬಜೆಟ್ ಗೊತ್ತಾಯ್ತು, ಟೇಬಲ್ಲಿಗೆ ಗೊತ್ತಾಗ್ಲಿಲ್ಲ.

ಕೊನೆಗೆ ಬಿಲ್ಲು. 'ಎಲ್ಲ ಈಕ್ವಲ್ಲಾಗಿ ಹಾಕ್ಬಿಡೋಣ' ಅಂತ ಮೊದಲು ಕೂಗೋರು ಯಾರು? ಹೆಚ್ಚು ಕುಡಿದೋರೇ, ಅಲ್ವಾ? ಮೂಲೇಲಿ ಒಬ್ಬ ಪಾಪದ ಹುಡುಗ ಕೂತಿದ್ದಾನೆ. ಒಂದು ಫ್ರೆಶ್ ಲೈಮ್ ಸೋಡಾ, ಎರಡು ಕುಲ್ಚಾ, ಅಷ್ಟೇ ಅವನದು. ಮದ್ಯ ಜಿಎಸ್‌ಟಿ ಒಳಗೇ ಬರೋದಿಲ್ಲ, ಅದಕ್ಕೇ ಬಿಲ್ಲಲ್ಲಿ ಊಟದ ಲೆಕ್ಕ ಬೇರೆ, ಬಾಟಲಿನ ಲೆಕ್ಕ ಬೇರೆ ಆಗೇ ಬಂದಿರುತ್ತೆ. ಹಂಚೋಕೆ ಕ್ಯಾಲ್ಕುಲೇಟರೂ ಬೇಡ. ಆದ್ರೂ ನೀವು ಬಿಲ್ಲನ್ನ ಮಡಿಸಿಟ್ಟು ಅವನಿಗೂ ಸಮಪಾಲು ಹಾಕಿದ್ರಿ. ಹಾಕಿದ್ದೂ ಅಲ್ದೆ, ಟೇಬಲ್ಲಲ್ಲಿ ಗಾಡಿ ಓಡಿಸೋ ಸ್ಥಿತೀಲಿರೋನು ಅವನೊಬ್ಬನೇ ಅಂತ ಈಗ ತಾನೇ ನೆನಪಾಗಿ, ಹೆಗಲ ಮೇಲೆ ಕೈ ಹಾಕಿ 'ನಮ್ಮನ್ನ ಹಂಗೇ ಕೆಂಗೇರಿಗೆ ಬಿಟ್ಬಿಡು ಮಗಾ' ಅಂತಿದ್ದೀರಿ. (ಅವನ ಮನೆ ವೈಟ್‌ಫೀಲ್ಡ್ ಕಣ್ರೀ!)