ಕಾರ್ಯಾಗಾರ ಮೀಮಾಂಸೆ

ಯಾವ ವಿಷಯವನ್ನೇ ಆಗಲಿ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಲ್ಲಿ ಬಿಡಿಸಿ ಜೋಡಿಸಬಹುದು ಎಂದು ತೋರಿಸಿದವರು ಎಸ್. ಆರ್. ರಂಗನಾಥನ್. 1933ರಲ್ಲಿ ಮೊದಲು ಅಚ್ಚಾದ ಅವರ ಕೋಲನ್ ವರ್ಗೀಕರಣದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ 2 ಎಂಬ ಅಂಕೆ ಸಿಕ್ಕಿದೆ. ಆದರೆ ಗ್ರಂಥಾಲಯ ಸಿಬ್ಬಂದಿಯ ವೃತ್ತಿ ಅಭಿವೃದ್ಧಿ ಕಾರ್ಯಾಗಾರವನ್ನು ಯಾರೂ ಹೀಗೆ ಬಿಡಿಸಿದಂತಿಲ್ಲ. ಆ ಕೊರತೆಯನ್ನು ತುಂಬುವುದು ಈ ಪ್ರಬಂಧದ ವಿನಮ್ರ ಉದ್ದೇಶ.

ಮೊದಲು ವ್ಯಕ್ತಿತ್ವ. ಕಾರ್ಯಾಗಾರದ ವ್ಯಕ್ತಿತ್ವ ಶಿಬಿರಾರ್ಥಿ ಎಂಬುದು ಪೂರ್ವಪಕ್ಷ. ಇದು ನಿಲ್ಲುವುದಿಲ್ಲ. ಹತ್ತಕ್ಕೆಂದು ಅಚ್ಚಾದ ಉದ್ಘಾಟನೆ ಹನ್ನೊಂದೂಕಾಲಿಗೆ ನಡೆಯುವುದು ಶಿಬಿರಾರ್ಥಿ ತಡವಾದನೆಂದಲ್ಲ, ಮುಖ್ಯ ಅತಿಥಿಗಳ ಕಾರು ಬಂದಿಲ್ಲವೆಂದು. ಬಂದವರು ಸಸಿಗೆ ನೀರೆರೆದು, ಜನರಲ್ಲಿ ಓದುವ ಹವ್ಯಾಸ ಕುಗ್ಗಿದೆಯೆಂದು ವಿಷಾದಿಸಿ, ಇನ್ನೊಂದು ಕಾರ್ಯಕ್ರಮವಿದೆಯೆಂದು ಹೊರಡುತ್ತಾರೆ. ಹಾರದ ಬದಲು ಕೊಟ್ಟ ಪುಸ್ತಕ ಮೇಜಿನ ಮೇಲೇ ಉಳಿಯುತ್ತದೆ.

ದ್ರವ್ಯವೆಂದರೆ ಬ್ಯಾಗು, ನೋಟ್‌ಪ್ಯಾಡು, ಹಾಜರಿ ಸಹಿಯವರೆಗೆ ಮಾತ್ರ ಬರೆಯುವ ಪೆನ್ನು. ಪ್ರಮಾಣಪತ್ರವನ್ನೂ ಇಲ್ಲೇ ಸೇರಿಸಬೇಕೆಂದು ಕೆಲವರ ವಾದ. ಕಾಲೇಜು ಗ್ರಂಥಪಾಲಕರ ಬಡ್ತಿಗೆ ಯುಜಿಸಿ ಇಂಥ ತರಬೇತಿಗಳನ್ನು ಲೆಕ್ಕ ಹಿಡಿಯುವುದರಿಂದ ಅವರ ಪಾಲಿಗೆ ಅದು ಶಕ್ತಿ. ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರ ಪಾಲಿಗೆ ಲ್ಯಾಮಿನೇಷನ್ ಖರ್ಚು.

ರಂಗನಾಥನ್ ಅವರಲ್ಲಿ ಶಕ್ತಿಯೆಂದರೆ ಕ್ರಿಯೆ. ಕಾರ್ಯಾಗಾರದ ಕ್ರಿಯೆ ಸ್ಲೈಡು. ಸಂಪನ್ಮೂಲ ವ್ಯಕ್ತಿಗಳು ಕೋಹಾ ತಂತ್ರಾಂಶ ನ್ಯೂಜಿಲೆಂಡಿನಲ್ಲಿ ಹುಟ್ಟಿತೆಂದು ಹೇಳುವಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ತಂತ್ರಾಂಶ ಕೆಲಸ ಮಾಡುವ ರೀತಿಯನ್ನು ಅದರ ಚಿತ್ರ ತೋರಿಸಿ ವಿವರಿಸುವುದು ಈ ಶಾಸ್ತ್ರದ ವಿಶಿಷ್ಟ ಬೋಧನ ಕ್ರಮ. ಹಿಂದಿನ ಸಾಲಿನಿಂದ ಒಬ್ಬರು ಎದ್ದು, “ಸರ್, ಗೆದ್ದಲಿಗೆ ಏನು ಮಾಡೋದು?” ಎಂದು ಕೇಳುತ್ತಾರೆ. “ಬರುತ್ತೆ, ಮುಂದಿನ ಸ್ಲೈಡ್‌ನಲ್ಲಿ ಬರುತ್ತೆ.” ಮುಂದಿನ ಸ್ಲೈಡಿನಲ್ಲಿ ಕೃತಕ ಬುದ್ಧಿಮತ್ತೆ ಬರುತ್ತದೆ. ಉತ್ತರ ಸಿಗುವುದು ಬಿಸಿಬೇಳೆಬಾತಿನ ಸಾಲಿನಲ್ಲಿ, ನಿವೃತ್ತಿಗೆ ಹತ್ತಿರವಾದ ಅಟೆಂಡರರಿಂದ: “ರ‍್ಯಾಕನ್ನ ಗೋಡೆಗೆ ಆನಿಸಬೇಡಮ್ಮ, ಗೇಣು ಜಾಗ ಬಿಡು. ಕಟ್ಟು ಬಿಚ್ಚದೆ ಇಟ್ಟ ಪುಸ್ತಕ ಮೊದಲು ಹೋಗೋದು, ವಾರಕ್ಕೊಂದು ಸಲ ಎತ್ತಿ ನೋಡು.” ಊಟಕ್ಕೆ ಹಾಜರಿ ಪುಸ್ತಕವಿಲ್ಲದ ಕಾರಣ ಈ ಉಪನ್ಯಾಸ ವರದಿಗೆ ಸೇರದು.

ದೇಶದ ವಿಚಾರ ತುಸು ಜಟಿಲ. ಕಾರ್ಯಾಗಾರಕ್ಕೆ ಎರಡು ಸ್ಥಳಗಳು: ಶಿಬಿರಾರ್ಥಿ ಇರುವ ಸಭಾಂಗಣ, ಇಲ್ಲದ ಗ್ರಂಥಾಲಯ. ಊರಿನ ಗ್ರಂಥಾಲಯಕ್ಕೆ ಇರುವುದು ಒಬ್ಬರೇ ಆದ್ದರಿಂದ ಅವರು ಓದುಗರ ಸೇವೆ ಕಲಿಯಲು ಹೊರಟ ದಿನ ಬಾಗಿಲಿಗೆ ಬೀಗ. ಪುಸ್ತಕ ಇರುವುದೇ ಬಳಕೆಗೆ ಎಂಬ ರಂಗನಾಥನ್ನರ ಮೊದಲ ಸೂತ್ರಕ್ಕೆ ಇದು ಭಂಗವಲ್ಲವೇ ಎಂದರೆ, ಅಲ್ಲ. ಓದುಗನ ಸಮಯ ಉಳಿಸಬೇಕೆಂಬ ನಾಲ್ಕನೆಯ ಸೂತ್ರ ಇಲ್ಲಿ ಬಾಧಕವಾಗುತ್ತದೆ. ದಿನಾ ಪೇಪರಿಗೆ ಬರುವ ನಿವೃತ್ತ ಮೇಷ್ಟರು ಬೀಗ ನೋಡಿ ಕೂಡಲೇ ಮನೆಗೆ ಮರಳುತ್ತಾರೆ. ಇಷ್ಟು ಸಮಯವನ್ನು ಯಾವ ತಂತ್ರಾಂಶವೂ ಉಳಿಸಿಲ್ಲ. 1965ರ ಕಾಯ್ದೆಯಂತೆ ಅವರು ಮನೆ ಕಂದಾಯದ ಜೊತೆ ಕಟ್ಟುವ ಗ್ರಂಥಾಲಯ ಕರ ಮಾತ್ರ ಆ ದಿನಕ್ಕೂ ಸಲ್ಲುತ್ತದೆ.

ಕಾಲದಲ್ಲಿ ಋತುಗಳು ಎರಡು. ಆಗಸ್ಟ್ 12, ರಂಗನಾಥನ್ ಜನ್ಮದಿನದ ಆಸುಪಾಸಿನದು ಭಕ್ತಿಋತು. ಮಾರ್ಚ್ 31ಕ್ಕೆ ಮುಂಚಿನದು ಅನುದಾನಋತು. ಇದರಲ್ಲಿ ಹೋಳಿಗೆ ಇರುತ್ತದೆ. ಊಟದ ನಂತರದ ಗೋಷ್ಠಿಯಲ್ಲಿ ಮುಚ್ಚಿದ ಕಣ್ಣು ನಿದ್ರೆಯೋ ಏಕಾಗ್ರತೆಯೋ ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಡುತ್ತೇನೆ.

ಉಳಿದಿರುವುದು ಫೀಡ್‌ಬ್ಯಾಕ್ ಫಾರ್ಮು. ಅದರಲ್ಲಿ ಉತ್ತಮ, ಅತ್ಯುತ್ತಮ, ಅದ್ಭುತ ಎಂಬ ಮೂರು ಮನೆಗಳಿದ್ದು, ಕೆಳಗೆ ಸಲಹೆಗೆ ಅರ್ಧ ಗೆರೆ ಜಾಗವಿರುತ್ತದೆ. ಹಿಂದಿನ ಸಾಲಿನವರು ಅಲ್ಲಿ ‘ಗೆದ್ದಲು’ ಎಂದು ಬರೆದರು. ಸಲಹೆ ವ್ಯರ್ಥವಾಗಲಿಲ್ಲ. ಮುಂದಿನ ಮಾರ್ಚಿನ ಆಹ್ವಾನಪತ್ರ ಬಂದಿದೆ: ‘ಗೆದ್ದಲು ನಿರ್ವಹಣೆಯಲ್ಲಿ ಕೃತಕ ಬುದ್ಧಿಮತ್ತೆ: ಎರಡು ದಿನಗಳ ರಾಜ್ಯಮಟ್ಟದ ಕಾರ್ಯಾಗಾರ’.